ಜೊತೆಗೊಬ್ಬರು ಬೇಕು

ಸುಧೀಂದ್ರ ಮೇಷ್ಟ್ರ ಲಿವರಿನಲ್ಲಿ ಮಚ್ಚೆಯೊಂದಿದೆ ಎಂದು ತಿಳಿದದ್ದು ಶಾಲೆಯವರು ನಡೆಸಿದ ಆರೋಗ್ಯ ತಪಾಸಣೆಯ ದಿನ. ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು ಅಲ್ಟ್ರಾಸೌಂಡ್ ಮಾಡುತ್ತಿದ್ದ ಡಾಕ್ಟರು ಒಂದೇ ಕಡೆ ಮೂರು ಸಲ ಒತ್ತಿ ನೋಡಿದಾಗಲೇ ಮೇಷ್ಟ್ರಿಗೆ ಅನುಮಾನ ಬಂದಿತ್ತು.

"ಇದ್ರಲ್ಲಿ ಮಚ್ಚೆ ಇದೆ ಅಂತ ಗೊತ್ತಾಗತ್ತೆ, ಎಂಥದ್ದು ಅಂತ ಗೊತ್ತಾಗಲ್ಲ. ಡೈ ಚುಚ್ಚಿ ಸಿಟಿ ಸ್ಕ್ಯಾನ್ ಮಾಡ್ಬೇಕು. ಡೈ ಅಂಚಿಂದ ನಿಧಾನಕ್ಕೆ ತುಂಬ್ಕೊಂಡ್ರೆ ಬರೀ ರಕ್ತನಾಳದ ಗಂಟು, ಮರೆತುಬಿಡಿ. ಗಬಕ್ಕನೆ ಹೀರಿ ಬೇಗ ಬಿಟ್ಬಿಟ್ರೆ, ಆಗ ಯೋಚ್ನೆ ಮಾಡೋಣ," ಎಂದರು ಡಾಕ್ಟರು.

ಅಂದಿನಿಂದ ಮೇಷ್ಟ್ರು ಯೋಚನೆ ಬಿಟ್ಟು ಬೇರೇನೂ ಮಾಡಿರಲಿಲ್ಲ. ಡ್ರಾಯಿಂಗ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಾವಿನಹಣ್ಣು ಬರೆಯಹೋದರೆ ಲಿವರ್ ಮೂಡುತ್ತಿತ್ತು. ವಯಸ್ಸು ಐವತ್ತಮೂರು, ಮದುವೆಯಾಗಿಲ್ಲ. ವಿಜಯನಗರದ ಮೊದಲ ಮಹಡಿಯ ಒಂಟಿ ಕೋಣೆಯಲ್ಲಿ ಹೆದರಿಕೆ ಹೇಳಿಕೊಳ್ಳಲು ಗೋಡೆಯೇ ಗತಿ.

ಸ್ಕ್ಯಾನ್ ಇವತ್ತು ಎರಡು ಗಂಟೆಗೆ. ಬೆಳಗಿನಿಂದ ಏನೂ ತಿನ್ನುವಂತಿಲ್ಲ. ಅದು ದೊಡ್ಡ ಮಾತಲ್ಲ. ಕಷ್ಟವಿದ್ದದ್ದು ಚೀಟಿಯ ಎರಡನೆಯ ಸಾಲಿನಲ್ಲಿ: ಜೊತೆಗೆ ಒಬ್ಬರನ್ನು ಕರೆತರತಕ್ಕದ್ದು. ಡೈ ಕೆಲವರ ಮೈಗೆ ಒಗ್ಗುವುದಿಲ್ಲವಂತೆ. ಜೊತೆಯವರು ಸಹಿ ಹಾಕದೆ ಚುಚ್ಚುವುದಿಲ್ಲವಂತೆ. ಇವತ್ತು ತಪ್ಪಿದರೆ ಇನ್ನು ಹತ್ತು ದಿನ ಖಾಲಿಯಿಲ್ಲ, ಅಂದರೆ ಇನ್ನೂ ಹತ್ತು ರಾತ್ರಿ ನಿದ್ದೆಯಿಲ್ಲ.

ಮೊದಲು ಶಾಲೆಯ ಪಿ.ಟಿ. ಮೇಷ್ಟ್ರು ಗೋಪೀನಾಥನಿಗೆ ಫೋನ್ ಮಾಡಿದರು.

"ಬರ್ತಿದ್ದೆ ಸಾರ್, ನಾದಿನಿ ಸೀಮಂತ ಇದೆ. ಸ್ಕ್ಯಾನೆಲ್ಲ ಯಾಕೆ? ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡೀರಿ."

ಕೆಳಗಿಳಿದು ಮನೆ ಓನರ್ ಶೋಭಾರಾಣಿಯವರನ್ನು ಕೇಳಿದರು.

"ಗ್ಯಾಸ್ ಸಿಲಿಂಡರ್ ಬರೋದಿದೆ ಮೇಷ್ಟ್ರೇ, ಇಲ್ದಿದ್ರೆ ಬರ್ತಿದ್ದೆ. ನಮ್ಮ ಓರಗಿತ್ತಿ ಅಣ್ಣಂಗೂ ಹಿಂಗೇ ಒಂದು ಚುಕ್ಕೆ ಅಂದಿದ್ರು."

"ಈಗ ಹೇಗಿದಾರೆ?"

"ಫೋಟೋಗೆ ಹಾರ ಹಾಕಿದೀವಿ. ನೀವೇನೂ ಹೆದರ್ಕೋಬೇಡಿ."

ಹನ್ನೆರಡರ ಹೊತ್ತಿಗೆ ಮಚ್ಚೆಯ ಸುದ್ದಿ ಇಡೀ ಕ್ರಾಸಿಗೆ ತಲುಪಿತ್ತು. ಒಬ್ಬರ ಹಿಂದೊಬ್ಬರು ಬಂದು ಬಸಳೆ, ಪರಂಗಿ, ಕತ್ತೆಹಾಲು ಎಂದೆಲ್ಲ ಹೇಳಿ ಹೋದರು. ಬಿಟ್ಟಿ ಸಲಹೆಗೆ ಬರವಿರಲಿಲ್ಲ, ಜೊತೆ ಬರುವವರಿಗೆ ಮಾತ್ರ ಬರ.

ಕೊನೆಗೆ ಒದಗಿದವರು ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಯಾದಗಿರಿಯ ಮೇಸ್ತ್ರಿ ರೇವಣಸಿದ್ದಪ್ಪ. ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದಂಥ ಆಳು, ಅದಕ್ಕೆ ತಕ್ಕ ಮೀಸೆ.

"ನಾ ಬರ್ತೀನಿ ನಡೀರಿ ಸರ. ಮನಷ್ಯಾಗ ಮನಷ್ಯಾ ಆಗಬೇಕ್ರೀ," ಎಂದು ಕರಣೆ ಕೆಳಗಿಟ್ಟರು. ಅವರ ಮನಸ್ಸು ಬದಲಾಗುವ ಮೊದಲೇ ಮೇಷ್ಟ್ರು ಓಡಿಹೋಗಿ ಆಟೋ ಕರೆದರು.

ರಾಜಾಜಿನಗರದ ಸ್ಕ್ಯಾನ್ ಸೆಂಟರಿನಲ್ಲಿ ಮೇಸ್ತ್ರಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸಹಿ ಮಾಡಿದರು. "ಅಂಜಬ್ಯಾಡ್ರಿ, ನಾ ಅದೀನಿ," ಎಂದು ಮೇಷ್ಟ್ರ ಭುಜ ಹಿಡಿದುಕೊಂಡರು. ಡೈ ಬಿಡಲೆಂದು ನರ್ಸು ಮೇಷ್ಟ್ರ ಕೈಗೆ ಸೂಜಿ ಚುಚ್ಚಿದಳು. ಒಂದೇ ಒಂದು ಹನಿ ರಕ್ತ ಹೊರಗೆ ಬಂತು. ಮೇಸ್ತ್ರಿ ಅದನ್ನು ನೋಡಿದವರೇ ಧೊಪ್ಪನೆ ನೆಲಕ್ಕುರುಳಿದರು.

ನಾಲ್ಕು ಜನ ಸೇರಿ ಅವರನ್ನೆತ್ತಿ ಮಂಚಕ್ಕೆ ಹಾಕಿ ಗ್ಲೂಕೋಸ್ ಏರಿಸಿದರು.

"ಇವ್ರ ಜೊತೆ ಯಾರು ಬಂದಿದೀರಿ?" ಸ್ಕ್ಯಾನ್ ಮಾಡುವ ಮಾನಸ ಹೊರಗೆ ಬಂದು ಕೇಳಿದಳು.

"ನಾನೇ," ಎಂದರು ಮೇಷ್ಟ್ರು.

"ಇಲ್ಲಿ ಸಹಿ ಹಾಕಿ. ನಿಮ್ಗೆ ಅಟೆಂಡರ್ ಇಲ್ವಲ್ಲ ಈಗ, ನಿಮ್ಮ ಟೈಮು ಮುಂದಿನವ್ರಿಗೆ ಕೊಟ್ಟಿದೀನಿ."

ಮೇಷ್ಟ್ರು ಸಹಿ ಹಾಕಿ, ಮೇಸ್ತ್ರಿಯ ಮೊಬೈಲಿನಿಂದಲೇ ಅವರ ಹೆಂಡತಿ ದಾನಮ್ಮನಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಎರಡು ಆಟೋಗಳಿಂದ ಹನ್ನೊಂದು ಜನ ಇಳಿದರು. ಒಬ್ಬರು ಕಾಲು ಒತ್ತಿದರು, ಒಬ್ಬರು ಗಾಳಿ ಹಾಕಿದರು. ಗಂಡ ಕಣ್ಣು ಬಿಡುವವರೆಗೆ ದಾನಮ್ಮ ಅತ್ತಳು, ಬಿಟ್ಟ ಮೇಲೆ ಬೈದಳು.

"ರಕ್ತಕ್ಕಲ್ಲಲೇ, ಎಸಿ ಥಂಡಿಗೆ ಬಿದ್ದೆ," ಎಂದರು ಮೇಸ್ತ್ರಿ.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಸುಧೀಂದ್ರ ಮೇಷ್ಟ್ರಿಗೆ ಹೊಟ್ಟೆಕಿಚ್ಚಾಯಿತು. ತಾನು ಬಿದ್ದಿದ್ದರೆ ಯಾರಿಗೆ ಫೋನ್ ಹೋಗುತ್ತಿತ್ತು ಎಂದು ಯೋಚಿಸಿದರು. ಒಂದು ಹೆಸರೂ ಹೊಳೆಯಲಿಲ್ಲ.

ದಾನಮ್ಮ ಬುತ್ತಿ ಹಿಡಿದು ಹತ್ತಿರ ಬಂದಳು. "ನಮ್ಮನಿಯವರ್ನ ನೀವ ಕಾಯ್ದ್ರಿ. ಮಾರಿ ಬಾಡೇತಲ್ರೀ ಸರ, ಉಂಡೀರಿಲ್ಲೋ?"

ಹೀಗೆ ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಹೇಗೂ ಸ್ಕ್ಯಾನ್ ತಪ್ಪಿದೆ, ಇನ್ನು ಯಾವ ಪುರುಷಾರ್ಥಕ್ಕೆ ಉಪವಾಸ? ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ದಾನಮ್ಮ ಕೊಡುತ್ತ ಹೋದಳು, ಮೇಷ್ಟ್ರು ತಿನ್ನುತ್ತ ಹೋದರು. ಕಣ್ಣಲ್ಲಿ ನೀರು ಬಂತು. ಯಾರೋ ನೋಡಿದಾಗ ಖಾರ ಎಂದರು.

ಅಷ್ಟರಲ್ಲಿ ಮಾನಸ ನಗುತ್ತ ಬಂದಳು. "ಸಾರ್, ನಾಲ್ಕು ಗಂಟೆಯವ್ರು ಬರಲ್ವಂತೆ, ನಿಮ್ಮನ್ನೇ ತಗೋತೀವಿ. ಅಟೆಂಡರ್‌ಗಳೂ ಈಗ ಬೇಕಾದಷ್ಟು ಜನ ಇದಾರೆ. ಏನೂ ತಿಂದಿಲ್ಲ ತಾನೆ?"

ಬಾಯಿ ತುಂಬಿದ್ದರಿಂದ ಮೇಷ್ಟ್ರಿಗೆ ಉತ್ತರಿಸಲಾಗಲಿಲ್ಲ.

"ಉಪಾಸ ಯಾಕ್ ಇಡ್ತೀವ್ರೀ ಯವ್ವಾ," ಎಂದಳು ದಾನಮ್ಮ ಹೆಮ್ಮೆಯಿಂದ. "ಇದು ಮೂರನೇ ರೊಟ್ಟಿ."

ಮಾನಸಳ ನಗು ಇಳಿಯಿತು. ಮೇಷ್ಟ್ರ ಕೈಯ ಸೂಜಿ ತೆಗೆಸಿ, ಹತ್ತಿ ಅಂಟಿಸಿ, ಹೊಸ ಚೀಟಿ ಬರೆದಳು. "ಹತ್ತು ದಿನ ಬಿಟ್ಟು ಬನ್ನಿ ಸಾರ್. ಜೊತೆಗೆ ಒಬ್ರನ್ನ ಕರ್ಕೊಂಡ್ ಬನ್ನಿ."

ಮೇಷ್ಟ್ರು ತಿರುಗಿ ನೋಡಿದರು. ಇನ್ನು ಈ ಜನ್ಮದಲ್ಲಿ ದವಾಖಾನೆ ಮೆಟ್ಟಿಲು ಹತ್ತುವುದಿಲ್ಲವೆಂದು ಆಣೆ ಮಾಡುತ್ತ ಮೇಸ್ತ್ರಿ ಆಟೋ ಏರುತ್ತಿದ್ದರು. ಎರಡು ಆಟೋಗಳಲ್ಲಿ ಹನ್ನೆರಡು ಜನ ಹೇಗೋ ಹಿಡಿಸಿದರು, ಹದಿಮೂರನೆಯವರಿಗೆ ಜಾಗವಿರಲಿಲ್ಲ. ಸುಧೀಂದ್ರ ಮೇಷ್ಟ್ರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಬಸ್ ಸ್ಟಾಪಿನ ಕಡೆ ಹೊರಟರು.