ಕೋಟೆ ಮುಟ್ಟದ ಚೌಕಾಬಾರ

ನಮ್ಮ ಯಜಮಾನರ ಅಕ್ಕನನ್ನು ನಂಬಿಕೊಂಡು ಯಾರೂ ಎಲ್ಲಿಗೂ ಹೊರಡಬಾರದು. ಬಸ್ಸಿನಲ್ಲೂ ಬೇಡ, ಕಥೆಯಲ್ಲಂತೂ ಬೇಡವೇ ಬೇಡ! ಉದ್ದನಪಲ್ಲಿಗೆ ಅಂತ ಹೊರಟವಳು ದಾರಿಯಲ್ಲಿ ಯಾರದೋ ಬಾಣಂತಿಗೆ ನೀರು ಕಾಯಿಸಿ, ಇನ್ಯಾರದೋ ಜಗಳ ಬಿಡಿಸಿ, ಉದ್ದನಪಲ್ಲಿಯ ಮುಖವನ್ನೇ ನೋಡದೆ ಸಂಜೆಗೆ ವಾಪಸು ಬರುವವಳು.

ಅವಳ ಚೌಕಾಬಾರವೂ ಹಾಗೆಯೇ. ಎಲ್ಲರೂ ಕವಡೆ ಹಾಕಿ, ಕಾಯಿ ನಡೆಸಿ, ನಡುಮನೆ ಸೇರಿಸಿದರೆ ಆಟ ಮುಗಿಯಿತು. ಇವಳಿಗೆ ಅಷ್ಟು ಸಾಲದು. ನಡುಮನೆ ರಾಕ್ಷಸನ ಕೋಟೆಯಂತೆ, ಒಳಗೆ ರಾಜಕುಮಾರಿ ಸೆರೆಯಂತೆ, ನಾವು ಹೋಗಿ ಬಿಡಿಸಬೇಕಂತೆ! ಹುಣಸೆಬೀಜ ನನ್ನ ಕಾಯಿ, ನಾನು ಸೂಲಗಿತ್ತಿ. ಬಳೆಚೂರು ನನ್ನ ಮಗಳದು. ಅವಳು ಕುದುರೆ ಸವಾರಳು. ಕವಡೆ ಮೂರು ಬಿತ್ತೋ, ದಾರಿಯಲ್ಲಿ ಯಾರಿಗೋ ಕಷ್ಟ. ಅದನ್ನು ತೀರಿಸದೆ ಮುಂದಕ್ಕೆ ಹೋಗುವ ಹಾಗಿಲ್ಲ.

“ಅಕ್ಕಾ, ರಾಜಕುಮಾರಿ ಅಲ್ಲಿ ಸಾಯ್ತಾ ಅವ್ಳೆ, ನೀನಿಲ್ಲಿ ಎಮ್ಮೆ ಹುಡುಕುಸ್ತೀಯಲ್ಲ!”

“ಎಮ್ಮೆಗೇನು ಜೀವ ಇಲ್ವೇನೆ? ಹಾಕು ಕವಡೆ.”

ನನ್ನ ಓದು ಮೂರನೇ ಕ್ಲಾಸು. ಆದರೂ ಹೊರಟ ಕಥೆ ಊರು ಸೇರಬೇಕು ಅನ್ನುವಷ್ಟು ಬುದ್ಧಿ ಇದೆ.

ಹೊಸೂರಿನಲ್ಲಿ ಫ್ಯಾಕ್ಟರಿಗಳು ಆಗಷ್ಟೇ ಏಳುತ್ತಿದ್ದ ಕಾಲ. ಮಗಳಿಗೆ ಏಳು ವರ್ಷ. ಕೆಲಮಂಗಲದ ಸಂತೆಯಲ್ಲಿ ಹುಚ್ಚುನಾಯಿ ಕಚ್ಚಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ನೆರೆಯವರು ಸುಮ್ಮನಿರುತ್ತಾರೆಯೇ? “ನೀರ್ ಕಂಡ್ರೆ ಎದರ್ತಾಳಾ ನೋಡ್ತಾ ಇರವ್ವ. ಎದರಿದ್ಲೋ, ಮುಗೀತು” ಅಂದರು, ಮಗುವಿನ ಮುಂದೆಯೇ!

ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ನೀರು ಕಂಡರೆ ಭಯ. ಅವಳು ಲೋಟ ಎತ್ತಿದರೆ ಮನೆಮಂದಿಯ ಕಣ್ಣೆಲ್ಲ ಅವಳ ಗಂಟಲ ಮೇಲೆ. ಹಾಗೆ ಗುರಾಯಿಸಿದರೆ ಯಾವ ಮಗು ಕುಡಿದೀತು? ಕಣ್ಣು ಮುಚ್ಚಿ ಎರಡು ಗುಟುಕು ನುಂಗಿ ಲೋಟ ಇಟ್ಟುಬಿಡುವಳು.

ಅಕ್ಕ ದಿನಾ ಜೊತೆಗೆ ಬಂದಳು. ಆಸ್ಪತ್ರೆಯ ಜಗಲಿಯ ಮೇಲೆ ಬಳಪದಲ್ಲಿ ಚೌಕ ಗೀಚಿದಳು. ಕಾದು ಕೂತಿದ್ದ ತಮಿಳರು, ತೆಲುಗರು ಒಬ್ಬೊಬ್ಬರಾಗಿ ಸೇರಿಕೊಂಡರು. ಒಳಗಿನಿಂದ ಹೆಸರು ಕೂಗಿದರೆ ಒಬ್ಬರೂ ಏಳಲಿಲ್ಲ! ನರ್ಸಮ್ಮ ಸಿಡುಕುತ್ತ ಬಂದು, “ಎನ್ನಮ್ಮಾ ಇದು?” ಅಂತ ಗದರಿ, ಅಲ್ಲೇ ನಿಂತು ಸ್ವಲ್ಪ ಹೊತ್ತು ಕಥೆ ಕೇಳಿದಳು. ಮರುದಿನ ನಾವು ಮೆಟ್ಟಿಲು ಹತ್ತುವ ಮೊದಲೇ ಅವಳದೇ ಪ್ರಶ್ನೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ: ಎಮ್ಮೆ ಸಿಕ್ಕಿತಾ?

ಆದರೆ ಕೋಟೆಗೆ ಒಂದು ಮನೆ ಉಳಿದಾಗಲೆಲ್ಲ ಅಕ್ಕ ನಮ್ಮನ್ನು ಬೇರೆ ಕಡೆ ತಿರುಗಿಸುತ್ತಿದ್ದಳು. ಮೂರು ಬಿದ್ದರೆ ಕಷ್ಟ ಸರಿ. ಈಗ ಒಂದು ಬಿದ್ದರೂ ಕಷ್ಟ, ಎಂಟು ಬಿದ್ದರೂ ಕಷ್ಟ! ಹತ್ತನೇ ಸೂಜಿಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನನಗೆ ರೇಗಿತು.

“ಇವತ್ತಾದ್ರೂ ಕೋಟೆಗೆ ನುಗ್ಸಕ್ಕ. ಮಗ ಸೋತೋಗವ್ಳೆ.”

ದೂರದಲ್ಲಿ ಕೂತಿದ್ದ ಮಗಳ ಕಡೆ ನೋಡಿ ಅವಳು ದನಿ ತಗ್ಗಿಸಿದಳು. “ಎಂಗೆ ನುಗ್ಸಲೇ? ಕೋಟೆ ಸುತ್ತ ಕಂದಕ ಐತೆ, ಅದ್ರ ತುಂಬ ನೀರೈತೆ ಅಂತ ನಾಯಿ ಕಚ್ಚೋಕ್ ಮುಂಚೇನೇ ಹೇಳ್ಬುಟ್ಟಿದೀನಿ. ಅಲ್ಲಿಗೆ ಹೋಗಿ ಮಗ ಎದರ್ಕೊಂಡ್ಬುಟ್ರೆ? ನನ್ ಕೈಲಿ ನೋಡಕ್ಕಾಗಲ್ಲ ಕಣೆ.”

ಬಸ್ಸು ಬಂತು. ಮಗಳನ್ನು ನಡುವೆ ಕೂರಿಸಿಕೊಂಡು ಹೊರಟೆವು.

ಹದಿನಾಲ್ಕನೆಯ ಸೂಜಿ ಮುಗಿಸಿ ಮನೆಗೆ ಬಂದ ಮಧ್ಯಾಹ್ನ ಮತ್ತೆ ಆಟ. ಮತ್ತೆ ಕೋಟೆ ಹತ್ತಿರ. ಅಕ್ಕ ಒಂದು ಕುಂಟು ಕತ್ತೆಯನ್ನು ದಾರಿಗೆ ಅಡ್ಡ ತಂದಳು. ಮಗಳು ಕವಡೆಯ ಮೇಲೆ ಕೈ ಮುಚ್ಚಿದಳು.

“ಸಾಕತ್ತೆ. ಯಾಕ್ ಸುತ್ತುಸ್ತೀಯ ಅಂತ ನಂಗೊತ್ತು.”

ಎದ್ದು ಹೋದಳು. ಗಡಿಗೆಯಿಂದ ಒಂದು ಚೊಂಬು ನೀರು ಮೊಗೆದು ತಂದು ನಮ್ಮ ಎದುರಿಗೇ ನಿಂತಳು. ಕಣ್ಣು ಬಿಟ್ಟುಕೊಂಡೇ ಗಟಗಟ ಕುಡಿದಳು. ಚೊಂಬನ್ನು ಬೋರಲು ಹಿಡಿದಳು.

“ಕಂದಕ ಕಾಲಿ. ಇನ್ನು ನಡೀರಿ.”

ಸಾವಿರ ಅಡ್ಡದಾರಿ ಬಲ್ಲ ಹೆಂಗಸು ಕುಂಟು ಕತ್ತೆಯನ್ನು ಅಲ್ಲೇ ಬಿಟ್ಟಳು. ಮಗಳನ್ನು ಹತ್ತಿರಕ್ಕೆಳೆದುಕೊಂಡು, ಒದ್ದೆಯಾದ ಗಲ್ಲವನ್ನು ಸೆರಗಿನಿಂದ ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.