ಒಂದು ಮನೆ, ಒಂದು ಒಲೆ, ಒಂದು ರೌಟರ್

ನಮ್ಮ ಮನೆಗೆ ಹೊಸ ಸಾಮಾನು ಯಾವತ್ತೂ ಸುಮ್ಮನೆ ಬರುವುದಿಲ್ಲ, ಜೊತೆಗೊಂದು ತಮಾಷೆಯನ್ನು ಕರೆದುಕೊಂಡೇ ಬರುತ್ತದೆ. ವಾಷಿಂಗ್ ಮಷೀನ್ ಬಂದ ವಾರ ಅಂಗಡಿಯ ಅರಿಶಿನದ ಚೀಲಗಳನ್ನು ಯಾರೋ ಅದಕ್ಕೆ ಹಾಕಿಬಿಟ್ಟರು. ಮುಂದೆ ಎಷ್ಟೋ ದಿನ ನಾವೆಲ್ಲ ಹಳದಿ ಬಟ್ಟೆಯಲ್ಲೇ ತಿರುಗಿದೆವು. ಮದುವೆ ಯಾರದು ಎಂದು ಓಣಿಯವರು ಕೇಳಿದ್ದೇ ಕೇಳಿದ್ದು. ಆದರೆ ಮನೆಗೆ ಫೈಬರ್ ಇಂಟರ್ನೆಟ್ ಬಂದಾಗ ಆದದ್ದರ ಮುಂದೆ ಅದು ಏನೂ ಅಲ್ಲ.

ಮೊದಲು ನಮ್ಮ ಮನೆ ಹೇಗಿದೆ ಎಂದು ಹೇಳಿಬಿಡುತ್ತೇನೆ. ಮಿರಜಿನ ಹಳೆಯ ಓಣಿ. ಬೀದಿಗೆ ಅರಿಶಿನ, ಬೆಲ್ಲದ ಅಂಗಡಿ. ಅಂಗಡಿಯ ಹಿಂದೆ ಎರಡು ಮೊಳ ದಪ್ಪದ ಕರಿಕಲ್ಲಿನ ಗೋಡೆ. ಗೋಡೆ ದಾಟಿದರೆ ಬಯಲು ಅಂಗಳ. ಅಂಗಳದ ಈಚೆ ಬದಿಗೆ ದೇವರ ಮನೆ, ಅದರ ಎದುರಿನ ಮಹಡಿಯಲ್ಲಿ ನನ್ನ ಹೊಲಿಗೆಯ ಕೋಣೆ. ಅಂಗಡಿ ನಡೆಸುವವರು ನಮ್ಮ ಯಜಮಾನರ ಕಾಕಾ. ಮನೆ ನಡೆಸುವವರು ಕಾಕಾನ ತಾಯಿ, ಅಂದರೆ ನಮ್ಮೆಲ್ಲರ ಅಜ್ಜಿ. ಯಜಮಾನರು ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಯಾವ ಮಾತು ಬಂದರೂ "ಕಾಕಾ ಹೇಳಿಧಾಂಗ" ಎಂದು ಹೇಳಿ ಬೈಕು ಹತ್ತುತ್ತಾರೆ. ಇನ್ನು ನಾನು, ಸಮಡೋಳಿಯಿಂದ ಬಂದ ಸೊಸೆ. ಮೊಬೈಲಿನಲ್ಲಿ ಹೆಂಗಸರಿಗೆ ಬ್ಲೌಸ್ ಕಟಿಂಗ್ ಕಲಿಸುತ್ತೇನೆ.

ಕೊರಳಿಗೆ ಬಂದ ಕತ್ತರಿ

ಫೈಬರ್ ಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಲಿಂಗನೂರಿನ ಒಬ್ಬ ಶಿಷ್ಯೆ. ನಮ್ಮ ಕೋಣೆಯಲ್ಲಿ ಮೊಬೈಲ್ ನೆಟ್ ಬಂದರೆ ಬಂತು, ಹೋದರೆ ಹೋಯಿತು. ಒಂದು ದಿನ ಹಿಂಗೊರಳು ಕತ್ತರಿಸುವುದನ್ನು ತೋರಿಸುತ್ತಿದ್ದೆ. ಕತ್ತರಿ ಬಟ್ಟೆಗೆ ಇಟ್ಟಿದ್ದೇ ತಡ, ಅವರ ಕಡೆ ನನ್ನ ಚಿತ್ರ ಹಾಗೇ ನಿಂತುಬಿಟ್ಟಿತು. ನನಗದು ತಿಳಿಯಲಿಲ್ಲ, ಹೇಳುತ್ತಲೇ ಇದ್ದೆ. ಉಳಿದವರು ಕತ್ತರಿ ಬಾಯಿ ತೆರೆದುಕೊಂಡು ಕಾದರು. ಲಿಂಗನೂರಿನಾಕೆ ಮಾತ್ರ ವಿಧೇಯ ಶಿಷ್ಯೆ. ಟೀಚರ್ ಕತ್ತರಿ ಎತ್ತಿಲ್ಲ, ತಾನು ಹೇಗೆ ಎತ್ತುವುದು ಎಂದು ಕತ್ತರಿಸುತ್ತಲೇ ಹೋದಳು. ಚಿತ್ರ ಮತ್ತೆ ಅಲುಗಾಡುವ ಹೊತ್ತಿಗೆ ಆಕೆಯ ಅತ್ತೆಯ ಕುಪ್ಪಸಕ್ಕೆಂದು ಇಟ್ಟ ಇಳಕಲ್ ಖಣ ಕೊರಳಿನಿಂದ ಸೊಂಟದವರೆಗೆ ಎರಡಾಗಿತ್ತು.

ನಾನು ಫೋನಿಗೇ ಕೈ ಮುಗಿದುಬಿಟ್ಟೆ. ಅಷ್ಟರಲ್ಲಿ ಅತ್ತೆಯೇ ಫೋನಿನ ಮುಂದೆ ಬಂದು ಖಣವನ್ನು ಎತ್ತಿ ಹಿಡಿದು ನೋಡಿದರು. "ಇರ್ಲಿ ಬಿಡ್ರಿ ಟೀಚರ್, ಹಿಂದಿನಿಂದ ಗಾಳಿ ಚಲೋ ಆಡ್ತೈತಿ" ಎಂದರು.

ಅವರು ನಕ್ಕರು, ಆದರೆ ಮರುವಾರ ಶಿಷ್ಯೆಯರಲ್ಲಿ ಅರ್ಧ ಜನ ಬರಲಿಲ್ಲ. ಆ ಕ್ಲಾಸು ನಾನೇ ಕಟ್ಟಿಕೊಂಡ ನನ್ನ ಸ್ವಂತ ವಸ್ತು. ದಸರೆಯ ದಿನ ಹನ್ನೊಂದು ಗಂಟೆಗೆ ಹೊಸ ಬ್ಯಾಚಿನ ಮೊದಲ ಕ್ಲಾಸ್ ಪುಕ್ಕಟೆ, ನೋಡಿ ಮನಸ್ಸಿಗೆ ಬಂದರೆ ಸೇರಿರಿ ಎಂದು ಎಲ್ಲರಿಗೂ ಮೆಸೇಜ್ ಕಳಿಸಿದೆ. ಅಂದು ಚಿತ್ರ ನಿಂತರೆ ನನ್ನ ಕ್ಲಾಸೂ ನಿಂತ ಹಾಗೆ.

ಟಾವೆಲಿನ ಕೆಳಗಿನ ವ್ಯಾಪಾರ

ಫೈಬರ್ ತಂತಿಯನ್ನು ಕಂಪನಿಯವರೇ ಅಂಗಡಿಯ ಗೋಡೆಗೆ ತಂದು ಒಂದು ಪೆಟ್ಟಿಗೆ ಹಚ್ಚಿ ಹೋದರು. ಮನೆಯೆಲ್ಲ ನೆಟ್ ಹಬ್ಬಬೇಕಾದರೆ ಒಳ್ಳೆಯ ರೌಟರ್ ನೀವೇ ತನ್ನಿರಿ ಎಂದರು. ತರುವ ಜವಾಬ್ದಾರಿ ಕಾಕಾ ತಗೊಂಡರು. "ಮಿರಜಿನ್ಯಾಗ ಬ್ಯಾಡ, ಎಲ್ಲಾರೂ ಪರಿಚಯದವ್ರು, ಚೌಕಾಶಿ ಮಾಡಾಕ ನಾಚಿಕಿ. ಸಾಂಗ್ಲಿಗೆ ಹೋಗೂಣು ನಡಿ ಸೂನ್‌ಬಾಯಿ" ಎಂದು ಸೊಸೆಯಾದ ನನ್ನನ್ನೂ ಹೊರಡಿಸಿದರು.

ಸಾಂಗ್ಲಿಯ ಅಂಗಡಿಯವನು ಮೂರು ನಾಲ್ಕು ರೌಟರ್ ತೆಗೆದು ಮುಂದಿಟ್ಟ. ಕಾಕಾ ಒಂದೊಂದನ್ನೇ ಅಂಗೈಯಲ್ಲಿ ತೂಗಿದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಅರಿಶಿನದ ಕೊಂಬನ್ನು ನೋಡುವ ಹಾಗೆಯೇ ಮೂಗಿಗೆ ಹಿಡಿದು ವಾಸನೆಯನ್ನೂ ನೋಡಿದರು. "ಈ ಸಾಲಿನ ಮಾಲೋ, ಹೋದ ಸಾಲಿಂದೋ?" ಎಂದು ಕೇಳಿದರು.

ಅಂಗಡಿಯವನು ಮರಾಠಿಯಲ್ಲಿ ಸಮಾಧಾನದಿಂದ ವಿವರಿಸಿದ. ಇದರಲ್ಲಿ ಎರಡು ಬಗೆಯ ಸಿಗ್ನಲ್ ಇವೆ, ಒಂದು ನಿಧಾನ ಆದರೆ ದೂರ ಹೋಗುತ್ತದೆ, ಇನ್ನೊಂದು ಜೋರು ಆದರೆ ಹತ್ತಿರಕ್ಕೆ ಮಾತ್ರ, ಗೋಡೆ ಅಡ್ಡ ಬಂದರೆ ಸೋಲುತ್ತದೆ. ರೈಲ್ವೆ ಜಂಕ್ಷನ್ ಊರಿನ ಕಾಕಾಗೆ ಅಷ್ಟು ಸಾಕಾಯಿತು. "ತಿಳೀತು. ಒಂದು ಪ್ಯಾಸೆಂಜರ್, ಒಂದು ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ ನಮ್ಮ ಸೂನ್‌ಬಾಯಿ ಸ್ಟೇಶನ್‌ಕ ನಿಂದ್ರಂಗಿಲ್ಲ, ಅಷ್ಟ ಹೌದಲ್ಲೋ?"

ನಿಮ್ಮ ಮನೆಗೆ ಜೋಡಿ ಪೆಟ್ಟಿಗೆಯದೇ ಒಳ್ಳೆಯದು, ಒಂದು ಕೆಳಗೆ ಇಡಿ, ಒಂದು ಮಹಡಿಯಲ್ಲಿಡಿ ಎಂದ ಅಂಗಡಿಯವನು. ನನ್ನ ಮುಖ ಅರಳಿತು. ಕಾಕಾನ ಮುಖ ಕಪ್ಪಿಟ್ಟಿತು.

"ಒಂದ ಮನ್ಯಾಗ ಎರಡು ರೌಟರ್? ಓಣ್ಯಾಗ ಮಂದಿ ಏನ್ ಅಂತಾರ? ಒಲಿ ಬ್ಯಾರೆ ಆದೂವು, ಅಣ್ಣನ ಮಗಾ ಮ್ಯಾಲ ಸಂಸಾರ ಹೂಡ್ಯಾನ ಅಂತಾರ. ನಮ್ಮ ಮನ್ಯಾಗ ಒಲಿ ಒಂದ, ರೌಟರೂ ಒಂದ!"

ಕೊನೆಗೆ ಎಲ್ಲಕ್ಕಿಂತ ಹೆಚ್ಚು ಆಂಟೆನಾ ಕೋಲುಗಳಿದ್ದ ರೌಟರನ್ನು ಆರಿಸಿದರು. ಇನ್ನು ದರ ಕುದುರಬೇಕು. ಹಳೆಯ ಕಾಲದ ಅರಿಶಿನ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ, ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಹೇಳುತ್ತಿದ್ದರು. ಕಾಕಾ ಹೆಗಲ ಮೇಲಿನ ಟಾವೆಲ್ ತೆಗೆದು ಕೌಂಟರಿನ ಮೇಲೆ ಹಾಸಿದರು. ಅದರ ಕೆಳಗೆ ಅಂಗಡಿಯವನ ಕೈಯನ್ನು ಗಟ್ಟಿಯಾಗಿ ಹಿಡಿದು, ಅವನ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ಎರಡು ಬೆರಳು ಒತ್ತಿದರು.

ಅವನು ಬೆಚ್ಚಿಬಿದ್ದ. "ಕಾಕಾ, ಹಾತ್ ಸೋಡಾ!" ಎಂದು ಕೂಗಿ ಕೈ ಕಿತ್ತುಕೊಂಡ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಾನಾಗಿಯೇ ದರ ಇಳಿಸಿ, ರೌಟರನ್ನು ಚೀಲಕ್ಕೆ ತುಂಬಿ, ನಮ್ಮನ್ನು ಬಾಗಿಲವರೆಗೆ ಬಂದು ಕಳಿಸಿದ.

ಬಸ್ಸಿನಲ್ಲಿ ಕಾಕಾ ಮೀಸೆ ತಿರುವುತ್ತಾ ಹೇಳಿದರು: "ನೋಡಿದೇನು? ಬೆರಳಿನ ಭಾಷಾ ಇವತ್ತಿಗೂ ನಡೀತೈತಿ."

ತಿಜೋರಿಯಲ್ಲಿ ಲಕ್ಷ್ಮಿ, ಗಿರಣಿಯಲ್ಲಿ ನಾನು

ರೌಟರ್ ಜೋಡಿಸಲು ಬಂದವರು ಎಲ್ಲಿ ಇಡಬೇಕು ಎಂದು ಕೇಳಿದರು. ಅಂಗಳದ ಕಡೆಗೆ ಎಂದು ನಾನು ಹೇಳುವಷ್ಟರಲ್ಲಿ ಕಾಕಾ "ಗಾದಿ ಹತ್ರ" ಎಂದರು. ಅಂಗಡಿಯಲ್ಲಿ ತಾವು ಕೂರುವ ಗಾದಿಯ ಪಕ್ಕಕ್ಕೆ. ಅರಿಶಿನದ ದರ ನೋಡಬೇಕು ಎಂಬುದು ಅವರು ಕೊಟ್ಟ ಕಾರಣ. ಅವರು ನೋಡುವುದು ಕುಸ್ತಿ ಎಂಬುದು ಓಣಿಗೆಲ್ಲ ಗೊತ್ತು.

ಜೋಡಿಸುವವರು ಉಳಿದ ವಾಯರನ್ನು ಕತ್ತರಿಸಲು ಹೋದರೆ ಕಾಕಾ ಅದಕ್ಕೂ ಬಿಡಲಿಲ್ಲ. "ಇರ್ಲಿ ಬಿಡ್ರಿ, ಮುಂದ ಉಪಯೋಗ ಬೀಳ್ತೈತಿ" ಎಂದು ಉದ್ದನೆಯ ವಾಯರನ್ನು ಸುರುಳಿ ಸುತ್ತಿಸಿ ಮೊಳೆಗೆ ತೂಗುಹಾಕಿಸಿದರು. ಜೋಡಿಸುವವರು ಅತ್ತ ಹೋದದ್ದೇ ತಡ, ಕಾಕಾ ಬೆಲೆಬಾಳುವ ವಸ್ತು ಎಂದು ರೌಟರನ್ನು ಕಬ್ಬಿಣದ ತಿಜೋರಿಯೊಳಗೆ ಇಟ್ಟು, ವಾಯರಿನಷ್ಟು ಸಂದು ಬಿಟ್ಟು ಸರಪಳಿ ಬಿಗಿದರು. ನೆಟ್ ತಿಜೋರಿಯಿಂದ ಆಚೆಗೆ ಬರಲಿಲ್ಲ. ಎರಡು ದಿನ ಕಂಪನಿಗೆ ಬೈದು ಬೈದು, ಆಮೇಲೆ ಅದನ್ನು ತಿಜೋರಿಯ ಮೇಲೆ ಇಟ್ಟರು.

ಈಗ ನೆಟ್ ಬಂತು. ಆದರೆ ಕರಿಕಲ್ಲಿನ ಗೋಡೆಗೆ ಡಿಕ್ಕಿ ಹೊಡೆದು ಹಿಂದಕ್ಕೆ ತಿರುಗಿ ಬೀದಿಗಿಳಿಯಿತು. ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಕಾಕಾ ಚಹಾ ಕೊಟ್ಟ ಹಾಗೆ ಪಾಸ್‌ವರ್ಡ್ ಕೊಡುತ್ತಿದ್ದರು. ಎದುರಿನ ಹಿಟ್ಟಿನ ಗಿರಣಿಯ ಮಾವಶಿ ಒಂದು ದಿನ ನನ್ನನ್ನು ನಿಲ್ಲಿಸಿ ಹೇಳಿದರು: "ನಿಮ್ಮ ಮನೀ ನೆಟ್ ಭಾಳ ಚಲೋ ಐತಿ ನೋಡು. ನೀವೂ ಅದನ್ನ ಯಾಕ ತಗೋಬಾರದು?"

ಆ ದಿನ ಕ್ಲಾಸಿತ್ತು. ಬೇರೆ ದಾರಿ ಕಾಣದೆ ಫೋನು, ಬಟ್ಟೆ, ಕತ್ತರಿ ಎತ್ತಿಕೊಂಡು ಮಾವಶಿಯ ಗಿರಣಿಗೇ ಹೋಗಿ ಕೂತೆ. ನೆಟ್ ಒಂದು ಸಲವೂ ನಿಲ್ಲಲಿಲ್ಲ, ಗಿರಣಿಯೂ ನಿಲ್ಲಲಿಲ್ಲ. ಕಪ್ಪು ಬಟ್ಟೆ ಹಾಸಿ ಶುರು ಮಾಡಿದ ನಾನು ಬಿಳಿ ಬಟ್ಟೆ ಕತ್ತರಿಸುವುದರೊಂದಿಗೆ ಮುಗಿಸಿದೆ. ಕೊನೆಗೆ ಏನಾದರೂ ಸಂಶಯ ಇದೆಯೇ ಎಂದು ಕೇಳಿದೆ.

ಕುಪವಾಡದ ಶಿಷ್ಯೆ ಹಿಂದೆಮುಂದೆ ನೋಡುತ್ತಾ ಕೇಳಿದಳು: "ಟೀಚರ್, ಸಿಟ್ಟ ಆಗಬ್ಯಾಡ್ರಿ. ಕ್ಲಾಸ್ ಚಾಲೂ ಆದಾಗ ನಿಮ್ಮ ಕೂದಲ ಕರ್ರಗ ಇದ್ದೂವಲ್ಲರಿ?"

ಅಜ್ಜಿಯ ಖಂಡೇ ಪೂಜೆ

ನೋಡುನೋಡುತ್ತ ದಸರೆಯ ಹಿಂದಿನ ದಿನದ ಖಂಡೇ ನವಮಿ ಬಂತು. ನಮ್ಮಲ್ಲಿ ಆ ದಿನ ದುಡಿಮೆಯ ಸಾಮಾನೆಲ್ಲ ಪೂಜೆಗೆ ಇಡುತ್ತಾರೆ. ಇಟ್ಟದ್ದನ್ನು ದಸರೆಯ ಸಂಜೆ ಬನ್ನಿ ಕೊಟ್ಟು ತಗೊಳ್ಳುವವರೆಗೆ ಎತ್ತುವ ಹಾಗಿಲ್ಲ. ಕಾಕಾನ ತಕ್ಕಡಿ, ಯಜಮಾನರ ಸ್ಪ್ಯಾನರ್, ನನ್ನ ಕತ್ತರಿ ಎಲ್ಲ ದೇವರ ಮನೆ ಸೇರಿದವು. ಅಳತೆಯ ಟೇಪು ಮಾತ್ರ ಎಂದಿನಂತೆ ನನ್ನ ಕೊರಳಲ್ಲಿತ್ತು, ಅದಕ್ಕೇ ಉಳಿಯಿತು. ಮೊದಲ ಕ್ಲಾಸಿನಲ್ಲಿ ಹೇಗೂ ಅಳತೆ ತಗೊಳ್ಳುವುದಷ್ಟೇ ಇತ್ತು. ಗೋಡೆಯಾಚೆಯ ನೆಟ್ ಹೇಗೆ ತರುವುದು ಎಂಬುದೊಂದೇ ನನ್ನ ಚಿಂತೆ.

ಪೂಜೆಗೆ ಹೋಗಿ ನೋಡಿದರೆ ತಕ್ಕಡಿಯ ಪಕ್ಕದಲ್ಲಿ ರೌಟರ್! ಮೈಮೇಲೆ ವಿಭೂತಿ, ಕೋಲು ಕೋಲಿಗೆ ಚೆಂಡುಹೂವು. ಕಾಕಾ ಗಾದಿಯಿಂದ ಎದ್ದಾಗ ಅಜ್ಜಿ ಕಿತ್ತು ತಂದಿದ್ದರು.

"ಅವ್ವಾ, ಇದನ್ನ್ಯಾಕ ತಂದಿ?" ಕಾಕಾ ಹೌಹಾರಿದರು.

"ದಿನಾ ಅದನ್ನ ಮುಂದ ಇಟ್ಟಕೊಂಡು ಕುಂದರ್ತಿ. ದುಡಿಯೂ ಸಾಮಾನಲ್ಲೇನು? ಇನ್ನ ನಾಳಿ ಸಂಜೀತನ ಎತ್ತಬಾರದು."

ಇದ್ದಬದ್ದ ಗಿರಣಿಯ ದಾರಿಯೂ ಮುಚ್ಚಿತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗ್ಗೆ ಎದ್ದು ಅಜ್ಜಿಯ ಮುಂದೆ ನಿಂತೆ. "ಅಜ್ಜೀ, ಹನ್ನೊಂದಕ್ಕ ನನ್ನ ಕ್ಲಾಸ್ ಐತಿ. ಇವತ್ತ ತಪ್ಪಿದ್ರ ಯಾರೂ ಬರಂಗಿಲ್ರಿ" ಎಂದೆ.

ಅಜ್ಜಿ ಹೂ ಕಟ್ಟುತ್ತಾ ತಲೆಯೆತ್ತಲಿಲ್ಲ. "ಎತ್ತಬಾರದು ಅಂದೇನಿ. ಹಚ್ಚಬಾರದು ಅಂದೇನೇನು? ನಿಮ್ಮ ಕಾಕಾ ಮೊಳಿಗೆ ತೂಗ ಹಾಕಿದ ವಾಯರ್ ಎದಕ್ಕ ಐತಿ?"

ಸುರುಳಿ ಬಿಚ್ಚಿದೆವು. ಅಂಗಡಿಯ ಪೆಟ್ಟಿಗೆಯಿಂದ ಬಾಗಿಲ ಸಂದಿಯಲ್ಲಿ ಹಾಯ್ದು ಅಂಗಳ ಬಳಸಿ ವಾಯರ್ ದೇವರ ಮನೆಗೆ ಸರಿಯಾಗಿ ಮುಟ್ಟಿತು. ದೀಪದ ಸರಕ್ಕೆ ಇದ್ದ ಪ್ಲಗ್ಗಿಗೆ ರೌಟರ್ ಹಚ್ಚಿದೆವು. ಎದುರಿಗೆ ಬಯಲು ಅಂಗಳ, ಮೇಲೆ ನನ್ನ ಕಿಟಕಿ, ನಡುವೆ ಒಂದೇ ಒಂದು ಕಲ್ಲಿಲ್ಲ. ಕಾಕಾನ ಎಕ್ಸ್‌ಪ್ರೆಸ್ ನೇರವಾಗಿ ನನ್ನ ಸ್ಟೇಶನ್ನಿಗೆ ಬಂದು ನಿಂತಿತು. ಆ ದಿನ ಚಿತ್ರ ಕಣ್ಣು ಮಿಟುಕಿಸುವಷ್ಟೂ ನಿಲ್ಲಲಿಲ್ಲ. ಹೊಸಬರು ಸೇರಿದರು, ಹಳಬರೂ ಮರಳಿದರು. ಲಿಂಗನೂರಿನ ಅತ್ತೆ ತಾವೂ ಸೇರುತ್ತೇನೆ ಎಂದರು, ಸೊಸೆಯ ಕೈಗೆ ಇನ್ನು ಖಣ ಕೊಡುವ ಧೈರ್ಯ ಅವರಿಗಿರಲಿಲ್ಲ. ಸಂತೋಷಕ್ಕೆ ನಾನು ಕೆಳಗಿಳಿದು ಬಂದು ಅಜ್ಜಿಯ ಕಾಲಿಗೆ ಬಿದ್ದೆ.

ಸಂಜೆ ಬನ್ನಿ ಕೊಟ್ಟದ್ದಾಯಿತು. ಕಾಕಾ ರೌಟರ್ ಎತ್ತಲು ಕೈ ಚಾಚಿದರು. ಅಜ್ಜಿ ತಡೆದರು. "ದೇವರ ಹತ್ರ ಕುಂತದ್ದು ಅಲ್ಲೇ ಇರ್ಲಿ. ಮತ್ತ ಕೇಳು, ಜಳಕ ಮಾಡದ ಯಾರೂ ಮುಟ್ಟಬಾರದು."

ಕಾಕಾ ಜಳಕ ಮಾಡುವುದು ಮಧ್ಯಾಹ್ನ, ಬೆಳಗಿನ ವ್ಯಾಪಾರ ಮುಗಿದ ಮೇಲೆ. ಜಳಕ ಮಾಡಿ ಅಂಗಡಿ ತೆಗಿ ಎಂದು ಅಜ್ಜಿ ಕಾಕಾನ ಮದುವೆಗೆ ಮೊದಲಿನಿಂದ ಹೇಳುತ್ತಿದ್ದಾರಂತೆ, ಒಂದು ದಿನವೂ ಕೇಳಿದವರಲ್ಲ. ಈಗ ಕಾಕಾ ಅಂಗಳದ ಕಟ್ಟೆಗೆ ಬಂದು ಕೂತು ಕುಸ್ತಿ ನೋಡತೊಡಗಿದರು. ಆದರೆ ಒಂದು ವಿಚಿತ್ರ: ದಿನಾ ಬೆಳಗ್ಗೆ ಅವರು ಫೋನ್ ಹಿಡಿಯುವ ಹೊತ್ತಿಗೆ ಸರಿಯಾಗಿ ನೆಟ್ ಹೋಗುವುದು. ರೌಟರಿನ ಸ್ವಿಚ್ ಒತ್ತಿ ಮತ್ತೆ ಹಚ್ಚಿದರೆ ಬರುವುದು. ಹಚ್ಚಬೇಕಾದರೆ ಜಳಕ ಆಗಿರಬೇಕು. ಗೊಣಗುತ್ತಲೇ ಕಾಕಾ ಬೆಳಗಾಗುತ್ತಲೇ ಬಚ್ಚಲಿಗೆ ನಡೆಯತೊಡಗಿದರು. ವಿಭೂತಿ ಹಚ್ಚಿಕೊಂಡು, ಮಡಿ ಉಟ್ಟು, ಕೈ ಮುಗಿದು ಸ್ವಿಚ್ ಒತ್ತುವರು. ನೋಡಿದವರು, ಇವರಿಗೆ ಈ ವಯಸ್ಸಿನಲ್ಲಿ ಎಂಥ ಭಕ್ತಿ ಬಂತು ಎಂದರು. ಕಂಪನಿಯವರನ್ನು ಕರೆಸಿದರೆ, ರೌಟರಿನಲ್ಲಿ ಏನೂ ದೋಷವಿಲ್ಲ ಎಂದು ಹೇಳಿ ಪ್ರಸಾದ ತಿಂದು ಹೋದರು.

ಮೊನ್ನೆ ನಾನು ಹೂ ಕೊಡಲು ಬೇಗ ಎದ್ದು ದೇವರ ಮನೆಗೆ ಹೋದೆ. ಅಜ್ಜಿ ಜಳಕ ಮುಗಿಸಿ ಬಂದು ದೀಪ ಹಚ್ಚಿದರು, ದೇವರಿಗೆ ಕೈ ಮುಗಿದರು. ಆಮೇಲೆ ಅತ್ತಿತ್ತ ನೋಡಿ, ರೌಟರಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿದರು.

"ಅಜ್ಜೀ!" ಎಂದೆ.

ಅಜ್ಜಿ ಬೆಚ್ಚಲಿಲ್ಲ. ನನ್ನ ಕೈಯಿಂದ ಹೂವಿನ ಬುಟ್ಟಿ ತಗೊಂಡು ಮೆಲ್ಲಗೆ ಹೇಳಿದರು: "ಸುಮ್ಮನಿರು. ನಿನ್ನ ಕ್ಲಾಸಿನ ಹೊತ್ತಿಗೆ ಎಂದಾರ ಹೋಗೇತೇನು?"