ಕೆಲಸವಿಲ್ಲದ ಎಡಗೈ

ಮುರಗೋಡದ ಮಹಾಂತಪ್ಪ ಮಾಸ್ತರರ ಎಡಗೈಗೆ ಮೂವತ್ತೊಂದು ವರ್ಷಗಳಿಂದ ಒಂದೇ ಕೆಲಸವಿತ್ತು, ಹಾರ್ಮೋನಿಯಂ ಪೇಟಿಗೆ ಗಾಳಿ ಹಾಕುವುದು. ಬಲಗೈ ಪಟ್ಟಿಗಳ ಮೇಲೆ ಓಡಾಡಿ ಹೆಸರು ಗಳಿಸಿತ್ತು. ಎಡಗೈ ಪೇಟಿಯ ಹಿಂದೆ ತಿದಿ ಒತ್ತುತ್ತ, ಬಿಡುತ್ತ, ಯಾರ ಕಣ್ಣಿಗೂ ಬೀಳದೆ ಬದುಕಿತ್ತು. ಊಟಕ್ಕೆ ಕುಳಿತಾಗಲೂ ಅದು ತೊಡೆಯ ಪಕ್ಕದಲ್ಲಿ ತನ್ನಷ್ಟಕ್ಕೆ ಗಾಳಿ ಹಾಕುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಗುರವ್ವ ಅದನ್ನು ಕಂಡು ಗಾಬರಿಯಾಗಿದ್ದಳು. ಈಗ ಆ ಕಡೆ ನೀರಿನ ತಂಬಿಗೆ ಇಡುತ್ತಿರಲಿಲ್ಲ, ಅಷ್ಟೆ.

೧೯೯೭ರ ಒಂದು ಗುರುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಆ ಕೈಯ ಕೆಲಸ ಹೋಯಿತು.

ಭಜನಾ ಸಂಘದ ಅಧ್ಯಕ್ಷ ದುಂಡಪ್ಪ ಬೈಲಹೊಂಗಲ ಪೇಟೆಯ ಹತ್ತಿ ವ್ಯಾಪಾರಿ. ಅವನು ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ಕೂಸಿನಂತೆ ಎತ್ತಿಕೊಂಡು ಬಂದು ಮಾಸ್ತರರ ಪಡಸಾಲೆಯಲ್ಲಿ ಮಲಗಿಸಿದ.

"ಇದು ಕೀಬೋರ್ಡ್ ಅಂತ್ರಿ ಮಾಸ್ತರ, ಹುಬ್ಬಳ್ಳಿಂದ ತರಿಸೇನಿ. ನಮ್ಮವ್ವ ಹೋಗಿ ಇವತ್ತಿಗೆ ವರ್ಷಾತು. ಸಂಜಿ ಐದಕ್ಕ ನಮ್ಮನಿಯಾಗ ಭಜನಿ. ಅವ್ವ ಬೀಸುವಾಗ ಹಾಡತಿದ್ದ ಪದಾ ಇದರಾಗ ಬಾರಿಸ್ಬೇಕು."

"ಇವತ್ತ ಸಂಜೀಕನ? ಪೇಟಿ ಐತೆಲ್ಲೋ ದುಂಡಪ್ಪ."

"ನಿಮ್ಮ ಪೇಟಿ ಕೆಮ್ಮತೈತ್ರಿ. ಹ್ವಾದ ವರ್ಷ ಅವ್ವನ ಮುಂದ ಭಜನಿ ಮಾಡಿದಾಗ ಕೆಮ್ಮಾವ್ರು ಅವ್ವನೋ ಪೇಟಿನೋ ತಿಳೀಲಿಲ್ಲ." ದುಂಡಪ್ಪ ದನಿ ತಗ್ಗಿಸಿದ. "ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ. ಬೈಲಹೊಂಗಲದ ಆರ್ಕೆಸ್ಟ್ರಾದಾಗ ಭೀಮಶಿ ಅದಾನ. ಇವತ್ತೂ ಅಂವ ಬಾರಸ್ತಾನ, ಮುಂದೂ ಅವನ ಕುಂಡ್ರತಾನ."

ಭಜನೆಯಲ್ಲಿ ದೀಪದ ಎಡಕ್ಕೆ ಮಾಸ್ತರರ ಜಾಗ. ಅಲ್ಲಿ ಜಮಖಾನೆ ಅವರ ಮೊಣಕಾಲಿನಷ್ಟೇ ಅಗಲಕ್ಕೆ ಸವೆದಿತ್ತು. ಆ ಜಾಗ ಹೋದರೆ ಈ ಊರಲ್ಲಿ ತಾನು ಯಾರು ಎಂದು ಅವರು ಈವರೆಗೆ ಯೋಚಿಸಿರಲಿಲ್ಲ. ಈಗ ಯೋಚಿಸಿದರು.

"ಆಗತೈತಿ," ಎಂದರು.

ದುಂಡಪ್ಪ ಹೋದ ಮೇಲೆ ಮಾಸ್ತರರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಯಂತ್ರದ ಮುಂದೆ ಕುಳಿತರು. ಗೋಡೆಯ ಪ್ಲಗ್ಗಿನಿಂದ ಬಂದ ವೈರಿನ ಪಿನ್ನನ್ನು ಯಂತ್ರದ ಬೆನ್ನಿಗೆ ಚುಚ್ಚಿದ್ದಾಯಿತು. ಬಲಗೈ ಷಡ್ಜ ಹಿಡಿಯಿತು. ಗಾಳಿಯಿಲ್ಲದೆ ಸ್ವರ ಬಂತು. ಮಾಸ್ತರರು ಹಲ್ಲಿಲ್ಲದ ಮಗು ಶ್ಲೋಕ ಹೇಳಿದ್ದನ್ನು ಕೇಳಿದವರಂತೆ ಬೆಚ್ಚಿದರು. ಅಷ್ಟರಲ್ಲಿ ಎಡಗೈ ತನ್ನಷ್ಟಕ್ಕೆ ಹಿಂದೆ ಹೋಯಿತು, ತಿದಿ ಹುಡುಕಿತು, ಸಿಕ್ಕಿದ್ದನ್ನು ಎಳೆಯಿತು. ಪಿನ್ನು ಕಿತ್ತು ಬಂತು. ಯಂತ್ರ ಸುಮ್ಮನಾಯಿತು.

"ಸತ್ತ ಹೋತು," ಎಂದಳು ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಸುಂದರವ್ವ. ಓಣಿಯಲ್ಲಿ ಯಾರೇ ಮಲಗಿದರೂ ಮೊದಲು ಅಳುವವಳು ಅವಳು. "ಬಂದ ಅರ್ಧಾ ತಾಸಾಗಿಲ್ಲ, ಪಾಪ."

ಗುರವ್ವ ಎದುರು ಮನೆಯ ಶೈಲಜಾಳನ್ನು ಕರೆತಂದಳು. ಶೈಲಜಾ ಬಿ.ಎ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದ ಹುಡುಗಿ. ಇಂಗ್ಲಿಷಿನಲ್ಲಿ ಅಚ್ಚಾದದ್ದೇನೇ ಬಂದರೂ, ಔಷಧದ ಚೀಟಿಯಾಗಲಿ ಕೋರ್ಟಿನ ನೋಟೀಸಾಗಲಿ, ಓಣಿ ಅವಳ ಕೈಗೇ ಕೊಡುತ್ತಿತ್ತು. ಅವಳು ಯಂತ್ರದ ಪುಸ್ತಕವನ್ನು ಮೊದಲ ಪುಟದಿಂದಲೇ ಓದಿದಳು. ಒಂಬತ್ತು ಪುಟ ಬರೀ ಎಚ್ಚರಿಕೆಗಳಿದ್ದವು.

"ಮಳ್ಯಾಗ ಇಡಬ್ಯಾಡ್ರಿ ಅಂತೈತ್ರಿ. ಇದರ ಮ್ಯಾಲ ಹತ್ತಿ ನಿಲ್ಲಬ್ಯಾಡ್ರಿ ಅಂತೈತಿ."

"ಯಾರ ನಿಲ್ಲತಾರವ್ವ?" ಎಂದಳು ಗುರವ್ವ.

"ಯಾರೋ ನಿಂತಿರಬೇಕ್ರಿ. ಅದಕ್ಕ ಬರದಾರ."

ಹದಿನಾಲ್ಕನೆಯ ಪುಟದಲ್ಲಿ ಶೈಲಜಾಳ ಬೆರಳು ನಿಂತಿತು. "ಇಲ್ಲಿ ಸೀಕ್ವೆನ್ಸರ್ ಅಂತ ಐತ್ರಿ ಕಾಕಾ. ನೀವು ಒಮ್ಮೆ ನುಡಿಸಿದ್ದನ್ನ ನೆನಪಿಟ್ಕೋತೈತಿ. ನಿಧಾನಕ ನುಡಿಸಿದ್ರೂ ನಡೀತೈತಿ, ಆಮ್ಯಾಲ ಲಯಾ ಜೋರ ಮಾಡಬಹುದು. ಸಂಜೀಕ ಗುಂಡಿ ಒತ್ತಿ, ಮ್ಯಾಲ ಬೆರಳ ಆಡಿಸಿದ್ರಾತು."

"ಅದು ಮೋಸ ಅಲ್ಲೇನವ್ವ?"

ಶೈಲಜಾ ಪುಸ್ತಕದಿಂದ ತಲೆಯೆತ್ತಿದಳು. "ನುಡಿಸಾವ್ರು ನೀವನ ಅಲ್ರಿ? ಮಧ್ಯಾಹ್ನ ನುಡಿಸಿದ್ದನ್ನ ಮಂದಿ ಸಂಜೀಕ ಕೇಳ್ತಾರ, ಅಷ್ಟ." ಆಮೇಲೆ ಮುಂದಿನ ಸಾಲನ್ನೂ ಓದಿದಳು. "ಒಳಗ ಸೆಲ್ ಇಲ್ಲದಾಗ ಪಿನ್ ಕಿತ್ರ ನೆನಪೆಲ್ಲಾ ಅಳಿಸಿ ಹೋಗತೈತಿ ಅಂತ."

ಆರು ದೊಡ್ಡ ಸೆಲ್ ಬೇಕಿದ್ದವು. ಊರ ಅಂಗಡಿಗಳಲ್ಲೆಲ್ಲ ಹುಡುಕಿದರೂ ಸಿಕ್ಕಿದ್ದು ನಾಲ್ಕು.

ರೆಕಾರ್ಡಿಂಗ್ ಶುರುವಾಯಿತು. ಮೊದಲ ಸಲ ಎರಡನೆಯ ನುಡಿಯಲ್ಲಿ ಎಡಗೈ ಪಿನ್ನು ಕಿತ್ತಿತು. ಎರಡನೆಯ ಸಲ ಐದನೆಯ ನುಡಿಯಲ್ಲಿ. ಮೂರನೆಯ ಸಲ ಪದವೆಲ್ಲ ಮುಗಿದು ಮಾಸ್ತರರು ನಿಟ್ಟುಸಿರು ಬಿಟ್ಟ ಮೇಲೆ, ಕೊನೆಯ ಉಸಿರಿಗೆಂದು ಕೈ ಹಿಂದೆ ಹೋಗಿ ಕಿತ್ತಿತು. ಗುರವ್ವ ಒಳಗೆ ಹೋಗಿ ಟವೆಲ್ಲು ತಂದು, ಗಂಡನ ಎಡಗೈಯನ್ನು ಎದೆಗೆ ಸೇರಿಸಿ ಬಿಗಿದು ಕಟ್ಟಿದಳು.

"ಈಗ ಬಾರಿಸ್ರಿ."

ಮಾಸ್ತರರು ಬಾರಿಸಿದರು. ತಾಳ ಎಣಿಸುವಾಗ ಅವರ ಬಾಯಿ ಒಂದು ಕಡೆ ಸೊಟ್ಟಗಾಗುತ್ತಿತ್ತು. ಅದು ಹಳೆಯ ರೂಢಿ, ಪೇಟಿಯ ಮರೆಯಲ್ಲಿ ಯಾರೂ ಗಮನಿಸಿರಲಿಲ್ಲ. ಈಗ ಕಿಟಕಿಯಿಂದ ಸುಂದರವ್ವ ಗಮನಿಸಿದಳು. ಎದೆಗೆ ಕಟ್ಟಿದ ಕೈ, ಸೊಟ್ಟ ಬಾಯಿ.

"ಮಾಸ್ತರ, ಏನಾತ್ರಿ?" ಎಂದು ಕೂಗಿದಳು.

ಯಂತ್ರ ಮಾತನ್ನು ಹಿಡಿಯುವುದಿಲ್ಲ ಎಂದು ಶೈಲಜಾ ಎರಡು ಸಲ ಹೇಳಿದ್ದಳು. ಆದರೂ, ಹಿಡಿದುಬಿಟ್ಟರೆ? ದುಂಡಪ್ಪನ ತಾಯಿ ರಾಚವ್ವನ ಪದದ ನಡುವೆ ಸಂಜೆ ತನ್ನದೇ ದನಿ ಹೊರಟರೆ? ಮಾಸ್ತರರು ತುಟಿ ಬಿಗಿದು, ಕಣ್ಣಲ್ಲೇ 'ಹೋಗು' ಎಂದರು.

ಸುಂದರವ್ವ ಓಣಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಳು. "ಲಕ್ವಾ ಹೊಡದೈತೇ ಯವ್ವಾ! ಮಾತ ನಿಂತಾವ!"

ಹಾಡು ಮುಗಿಯುವುದರೊಳಗೆ ಪಡಸಾಲೆ ತುಂಬಿತು. ಒಬ್ಬರು ಎಣ್ಣೆ ತಂದರು, ಒಬ್ಬರು ಬಾಳೆಹಣ್ಣು. ಹಣಮಂತಪ್ಪ ಎಂಬ ಹಿರಿಯ ಹತ್ತಿರ ಕುಳಿತು, ತನ್ನ ತಮ್ಮನಿಗೂ ಹೀಗೆಯೇ ಗುರುವಾರ ಹೊಡೆದಿತ್ತೆಂದು ಸಮಾಧಾನ ಹೇಳಿದ. ಕೊನೆಯ ಸ್ವರ ಮುಗಿಸಿ ಮಾಸ್ತರರು ಬಾಯಿ ಬಿಟ್ಟರು. "ನನಗೇನೂ ಆಗಿಲ್ಲೋ!"

"ಮಾತ ಬಂತು!" ಎಂದು ಸುಂದರವ್ವ ಅತ್ತಳು. "ಗುರುವಿನ ದಯೆ."

ಟವೆಲ್ಲು ಬಿಚ್ಚಿ ಕೈ ತೋರಿಸಬಹುದಿತ್ತು. ಆದರೆ ಯಂತ್ರದ ದೀಪ ಇನ್ನೂ ಉರಿಯುತ್ತಿತ್ತು, ಪಿನ್ನು ಒಂದು ಗೇಣು ದೂರದಲ್ಲಿತ್ತು. ಮಾಸ್ತರರು ಕೈ ಬಿಚ್ಚಲಿಲ್ಲ. ಯಂತ್ರವನ್ನು ಎತ್ತಿ ಒಯ್ಯುವುದು ಹೇಗೆಂಬ ತೊಡಕಿಗೆ ಶೈಲಜಾ ಉಪಾಯ ಮಾಡಿದಳು. ದುಂಡಪ್ಪನ ಮನೆ ಮಾಸ್ತರರ ಹಿತ್ತಲ ಗೋಡೆಯ ಆಚೆಗೇ ಇತ್ತು. ಅವನ ಮನೆಯ ಉದ್ದ ವೈರನ್ನು ರೆಕಾರ್ಡಿಂಗಿಗೆ ಮೊದಲೇ ತರಿಸಿ ಪ್ಲಗ್ಗಿಗೆ ಕೂಡಿಸಿಟ್ಟಿದ್ದಳು. ನಾಲ್ಕೂವರೆಗೆ ಯಂತ್ರ, ಬಾಲದಂತೆ ವೈರು ಎಳೆದುಕೊಂಡು, ನಾಲ್ವರ ಹೆಗಲ ಮೇಲೆ ಮೆಲ್ಲಗೆ ಹಿತ್ತಲು ದಾಟಿತು. ಹಿಂದೆ ಕೈ ಕಟ್ಟಿಕೊಂಡ ಮಾಸ್ತರರು, ಅವರ ಹಿಂದೆ ಕಣ್ಣೊರೆಸುವ ಓಣಿ. ದೂರದಿಂದ ನೋಡಿದವರು ಟೋಪಿ ತೆಗೆದು ನಿಂತರು.

ದುಂಡಪ್ಪನ ನಡುಮನೆಯಲ್ಲಿ ರಾಚವ್ವನ ಫೋಟೋ, ಮಲ್ಲಿಗೆಯ ಮಾಲೆ, ದೀಪ. ಫೋಟೋದ ಕೆಳಗೆ ಅವಳ ಬೀಸುಕಲ್ಲನ್ನು ತೊಳೆದು ವಿಭೂತಿ ಹಚ್ಚಿ ಇಟ್ಟಿದ್ದರು. ಲಕ್ವಾದ ಸುದ್ದಿ ಕೇಳಿ ದುಂಡಪ್ಪ ಫೋನು ಮಾಡಿ ಕರೆಸಿದ್ದ ಭೀಮಶಿ ಬಣ್ಣದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದ.

"ಯಾಕ ಬರಾಕ ಹೋದ್ರಿ ಮಾಸ್ತರ, ಇಂಥಾ ಹೊತ್ತಿನಾಗ?" ಎಂದ ದುಂಡಪ್ಪ.

"ರಾಚವ್ವನ ಪದಾ ನಾನ ಬಾರಸ್ತೇನಿ," ಎಂದು ಮಾಸ್ತರರು ತಮ್ಮ ಜಾಗದಲ್ಲಿ ಕುಳಿತರು. ತೀರಿದವಳ ಮುಂದೆ ಕೈ ಕಟ್ಟಿ ಕೂಡುವುದು ಸರಿಯಲ್ಲವೆನಿಸಿ ಟವೆಲ್ಲು ಬಿಚ್ಚಿದರು. ಎಡಗೈ ತೊಡೆಯ ಮೇಲೆ ಜಡವಾಗಿ ಬಿತ್ತು. ಮಧ್ಯಾಹ್ನದಿಂದ ಕಟ್ಟಿದ್ದಕ್ಕೆ ಅದು ಜೋಮು ಹಿಡಿದಿತ್ತು. ಹೆಂಗಸರು ಲೊಚಗುಟ್ಟಿದರು.

ಶೈಲಜಾ ಗುಂಡಿ ಒತ್ತಿದಳು. ಪದ ಹೊರಟಿತು. ಕೆಮ್ಮಿಲ್ಲ, ಉಬ್ಬಸವಿಲ್ಲ. ಮಾಸ್ತರರ ಬಲಗೈ ಪಟ್ಟಿಗಳ ಮೇಲೆ ಮುಟ್ಟಿಯೂ ಮುಟ್ಟದಂತೆ ಆಡಿತು. ಜನ ದನಿಗೂಡಿಸಿದರು. ಒಂದು ನುಡಿ ಕಳೆಯಿತು, ಎರಡು ಕಳೆಯಿತು. ತಾನು ನುಡಿಸಿದ್ದನ್ನು ತಾನೇ ದೂರ ಕುಳಿತು ಕೇಳುವುದು ಮಾಸ್ತರರಿಗೆ ಜೀವನದಲ್ಲಿ ಮೊದಲ ಸಲ. ಚೆನ್ನಾಗಿದೆ ಎನಿಸಿತು. ಕಣ್ಣು ಮುಚ್ಚಿತು. ಜೋಮು ಇಳಿದ ಎಡಗೈ ಮೆಲ್ಲಗೆ ಎದ್ದು, ಹಿಂದೆ ಹೋಗಿ, ಪಿನ್ನು ಕಿತ್ತಿತು.

ಭಜನೆಯವರ ತಾಳದ ಸದ್ದು ಮಾತ್ರ ಉಳಿಯಿತು. ದುಂಡಪ್ಪನೇ ಬಗ್ಗಿ ಪಿನ್ನು ಚುಚ್ಚಿದ. ಶೈಲಜಾ ಸಣ್ಣ ಪರದೆಯನ್ನು ನೋಡಿ ಮಾಸ್ತರರ ಕಡೆ ತಿರುಗಿದಳು. ಅವಳ ಮುಖದಲ್ಲೇ ಎಲ್ಲ ಇತ್ತು. ನೆನಪು ಖಾಲಿ.

ಭೀಮಶಿ ಅಂಗಿಯ ತೋಳು ಮಡಚಿಕೊಂಡ.

ಮಾಸ್ತರರು ನುಡಿಸಿದರು. ಬೇರೆ ದಾರಿಯಿರಲಿಲ್ಲ. ಹಿಂದೆ ಹೊರಟ ಎಡಗೈಯನ್ನು ಮುಂದಕ್ಕೆಳೆದು ಕೆಳಗಿನ ಪಟ್ಟಿಗಳ ಮೇಲಿಟ್ಟರು. ಅದು ಒತ್ತಿತು, ಬಿಟ್ಟಿತು, ಒತ್ತಿತು, ಬಿಟ್ಟಿತು. ಷಡ್ಜ ಪಂಚಮಗಳ ಭಾರವಾದ ದನಿ ಪ್ರತಿ ಸುತ್ತಿನಲ್ಲೂ ಒಮ್ಮೆ ಏಳುತ್ತ ಇಳಿಯುತ್ತ ಬಂತು, ಬೀಸುಕಲ್ಲು ತಿರುಗಿದ ಹಾಗೆ. ರಾಚವ್ವನ ಪದಕ್ಕೆ ಇಷ್ಟು ದಿನ ಬೇಕಾಗಿದ್ದದ್ದು ಅದೇ. ಹೆಂಗಸರು ಹಾಡುವುದನ್ನು ನಿಲ್ಲಿಸಿ ಕೇಳಿದರು. ದುಂಡಪ್ಪ ಬೀಸುಕಲ್ಲಿನ ಮೇಲೆ ಕೈಯಿಟ್ಟು ಮಗುವಿನಂತೆ ಅತ್ತ.

ಪದ ಮುಗಿಯಿತು. ಆಮೇಲೆ ದುಂಡಪ್ಪ ಮೂಗು ಒರೆಸಿಕೊಂಡು ಎದ್ದು ನಿಂತ.

"ನೋಡಿದ್ರೇನ್ರಿ ಈ ಮಶೀನ? ಲಕ್ವಾ ಹೊಡದ ಕೈ ಇಟ್ರೂ ಹಿಂಗ ಬಾರಸ್ತೈತಿ!"

"ನುಡಿಸಿದಾಂವ ನಾನೋ ದುಂಡಪ್ಪ," ಎಂದರು ಮಾಸ್ತರರು. "ನನಗ ಲಕ್ವಾ ಹೊಡದೇ ಇಲ್ಲ."

ಸುಂದರವ್ವ ಪಕ್ಕದವಳಿಗೆ ಪಿಸುಗುಟ್ಟಿದಳು. "ತಲಿಗೆ ಏರಾಕ ಹತ್ತೈತಿ, ಪಾಪ."

ಶೈಲಜಾ ತಡೆಯಲಾರದೆ ಎದ್ದಳು. "ಖರೇನ ಕಾಕಾನ ನುಡಿಸಿದ್ದು. ಪಿನ್ ಕಿತ್ತಮ್ಯಾಲ ಮಶೀನಿನ ನೆನಪ ಖಾಲಿ ಆಗೇತ್ರಿ. ಒಳಗ ಏನೇನೂ ಇಲ್ಲ."

ದುಂಡಪ್ಪ ಭಕ್ತಿಯಿಂದ ಯಂತ್ರವನ್ನು ನೋಡಿದ. "ಖಾಲಿ ಇದ್ದಾಗ ಹಿಂಗ ಬಾರಿಸ್ತಂದ್ರ, ತುಂಬಿದಾಗ ಹೆಂಗ ಬಾರಿಸೀತು! ಏನ್ ಭೀಮಶಿ, ನೀ ತಿಳದಾಂವ, ನೀ ಹೇಳು. ಬಾರಿಸಿದ್ದು ಮಶೀನ ಹೌದಲ್ಲ?"

ಭೀಮಶಿಗೆ ಎಲ್ಲ ತಿಳಿದಿತ್ತು. ಎಂಟು ವರ್ಷಗಳಿಂದ ಮದುವೆಗಳಲ್ಲಿ ಗುಂಡಿ ಒತ್ತಿ ಬೆರಳು ಆಡಿಸಿಕೊಂಡು ಬಂದವನು ಅವನು. ಮನುಷ್ಯನೂ ಹೀಗೆ ನುಡಿಸಬಲ್ಲ ಎಂದರೆ ನಾಳೆ ತನಗೂ ನುಡಿಸೆಂದಾರು. "ಮಶೀನ ರೀ," ಎಂದು ನೆಲ ನೋಡಿದ.

"ಹಂಗಾರ ನಿನಗೂ ತ್ರಾಸ ಬ್ಯಾಡ. ಸೋಮವಾರದ ಭಜನಿಯಿಂದ ಗುಂಡಿ ಒತ್ತಾಕ ನಮ್ಮ ಶೈಲಜಾ ಸಾಕು. ಮಾಸ್ತರರು ಆರಾಮ ಮಾಡ್ಲಿ." ದುಂಡಪ್ಪ ಮಾಸ್ತರರಿಗೆ ಶಾಲು ಹೊದಿಸಿದ. ಎಡಗಡೆ ಸ್ವಲ್ಪ ಹೆಚ್ಚೇ ಹೊದಿಸಿದ.

ಇಬ್ಬರು ಎಡ ಮೊಣಕೈ ಹಿಡಿದು ಅವರನ್ನು ಮನೆ ಮುಟ್ಟಿಸಿದರು. ಇನ್ನೂ ದೀಪ ಹಚ್ಚುವ ಹೊತ್ತು. ಮಾಸ್ತರರು ಶಾಲು ಮಡಚಿಟ್ಟು, ಮೂಲೆಯ ಹಳೆಯ ಪೇಟಿಯನ್ನು ಮುಂದಕ್ಕೆಳೆದು ಮುಚ್ಚಳ ತೆಗೆದರು. ಕೆಮ್ಮಿದರೂ ಅದು ತಮ್ಮದು. ಬಲಗೈ ಷಡ್ಜ ಹಿಡಿಯಿತು.

ಸ್ವರ ಬರಲಿಲ್ಲ.

ಇನ್ನೊಮ್ಮೆ ಒತ್ತಿದರು. ಬರಲಿಲ್ಲ. ಒಲೆಯ ಮುಂದಿನಿಂದ ಗುರವ್ವ ಕತ್ತು ಚಾಚಿ ನೋಡಿದಳು.

"ಗಾಳಿ ಹಾಕ್ರಿ."

ಮಾಸ್ತರರು ಕೆಳಗೆ ನೋಡಿದರು. ಎಡಗೈ ಪೇಟಿಯ ಹಿಂದೆ ಹೋಗಿರಲಿಲ್ಲ. ಮುಂದೆ, ಬಲಗೈಯ ಪಕ್ಕದಲ್ಲಿ, ಪಟ್ಟಿಗಳ ಮೇಲೆ ಗಂಭೀರವಾಗಿ ಕುಳಿತು, ತನ್ನ ಸರದಿಗಾಗಿ ಕಾಯುತ್ತಿತ್ತು.